ಮಂಜರಪಾಟಿನ ಮೇಲೆ ನಡೆದು ಬಂದ ಭಾವ

ಪ್ರೊಜೆಕ್ಟರನ್ನು ಮನೆಗೆ ತಂದ ದಿನ ಮೊದಲು ನಕ್ಕವನು ನನ್ನ ಗೆಳೆಯ. ಲಾರಿಗೆ ಬಾಡಿ ಕಟ್ಟುವ ನನ್ನ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ ಅವನದು. ಶಂಕಗಿರಿಯಲ್ಲಿ ಒಬ್ಬರ ಕೈಕೆಳಗೇ ಇಬ್ಬರೂ ಕೆಲಸ ಕಲಿತವರು. ಆಮೇಲೆ ನಾನು ಓಮಲೂರಿನ ರಸ್ತೆಯಲ್ಲಿ ನನ್ನದೇ ಶೆಡ್ಡು ಹಾಕಿಕೊಂಡಾಗ ಅವನೂ ಜೊತೆಗೆ ಬಂದ. ಡಬ್ಬ ಬಿಚ್ಚಿ, ಪ್ರೊಜೆಕ್ಟರನ್ನು ತಿರುಗಿಸಿ ಮುರುಗಿಸಿ ನೋಡಿದ.

"ಟಿಕೆಟ್ ಅರಿಯೋಕೆ ಯಾರ್ನ ಕೂರಿಸ್ತೀಯಲಾ, ನಿನ್ನೆಂಡ್ತೀನಾ? ನೆಲಕ್ಕೊಂದು ರೇಟು, ಚೇರ್ಗೊಂದು ರೇಟು ಮಡಗ್ಬುಡು. ಲಾರಿ ಕಟ್ಟೋದ್ಕಿಂತ ವಾಸಿ."

ಹೆಂಡತಿ ನಗಲಿಲ್ಲ. "ಇರೋ ಟಿವಿ ಯಾರ್ನ ಕಚ್ತು?" ಎಂದು ಕೇಳಿ ಒಳಗೆ ಹೋದಳು. ಮಗಳೊಬ್ಬಳೇ "ಅಪ್ಪಾ, ಸೆಮ್ಮ ಪಾ!" ಎಂದು ಕುಣಿದಳು. ಮನೆಯಲ್ಲಿ ನಾವು ಕನ್ನಡ ಆಡಿದರೂ, ತಮಿಳುನಾಡಿನ ಸ್ಕೂಲಿಗೆ ಹೋಗುವ ಅವಳಿಗೆ ಖುಷಿಯಾದರೂ ಕೋಪ ಬಂದರೂ ಬಾಯಿಗೆ ಬರುವುದು ತಮಿಳೇ.

ಯಾರಿಗೂ ನಾನು ಕಾರಣ ಹೇಳಲಿಲ್ಲ. ಹೇಳುವ ಜಾಯಮಾನವೂ ನನ್ನದಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಲಾರಿ ಕ್ಲೀನರ್ ಆಗಿ ಹೋದವನು ನಾನು. ಕನ್ನಡ ಅಕ್ಷರ ಕಲಿತದ್ದೇ ಬೆಂಗಳೂರು ಕಡೆಯ ಲಾರಿಗಳಿಗೆ ಬೋರ್ಡು ಬರೆದು. ಈ ಮನೆಯ ಒಂದೊಂದು ಇಟ್ಟಿಗೆಯೂ ನನ್ನ ಕೈಯ ದುಡಿಮೆ. ಯಾರ ಅಂಗಳದಲ್ಲೂ ಕೈಕಟ್ಟಿ ನಿಂತಿಲ್ಲ. ಅಂಥವನು ಒಂದು ವಸ್ತು ತಂದರೆ ಯಾಕೆ ತಂದೆ ಅಂತ ಊರಿಗೆಲ್ಲ ಒಪ್ಪಿಸಬೇಕಾ?

ಕಾರಣ ನನ್ನ ಅಕ್ಕ.

ಅಕ್ಕನನ್ನು ಕೊಟ್ಟದ್ದು ನಲ್ಲಂಪಳ್ಳಿ ಕಡೆಗೆ. ಭಾವ ಕುರಿ ಸಾಕಿದವರು. ಹೋದ ಬೇಸಿಗೆಯಲ್ಲಿ ಕುರಿಗಳಿಗೆ ನೀರು ಕುಡಿಸಿಕೊಂಡು ಬಂದು ಜಗಲಿಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ. ಅಕ್ಕ ಬಾಯಿಬಿಟ್ಟು ಅಳಲೂ ಇಲ್ಲ. ಕುರಿ ನೋಡಿಕೊಳ್ಳುವುದು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವುದು, ಅಷ್ಟೇ ಅವಳ ಬದುಕಾಯಿತು. ಒಬ್ಬನೇ ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದಕ್ಕಿಂತ ಉತ್ತರದ ಕಡೆಯ ರಸ್ತೆಗಳಲ್ಲಿ ಇರುವುದೇ ಹೆಚ್ಚು.

ನಮ್ಮಲ್ಲಿ ಒಂದು ಕಟ್ಟು ಇದೆ. ಗಂಡ ಹೋದವಳು ಬೇರೆ ಯಾರ ಹೊಸಿಲು ತುಳಿಯುವುದಕ್ಕೂ ಮುಂಚೆ ತವರಿನವರು ಕರೆಸಿಕೊಳ್ಳಬೇಕು. ತವರಿನಲ್ಲಿ ಒಂದು ಊಟ ಉಂಡು, ಒಡಹುಟ್ಟಿದವನ ಕೈಯಿಂದ ಒಂದು ಸೀರೆ ತೆಗೆದುಕೊಂಡರೆ ಆಮೇಲೆ ಅವಳು ನಾಲ್ಕು ಜನರ ನಡುವೆ ಓಡಾಡಬಹುದು, ಮದುವೆ ಮುಂಜಿಗೆ ಹೋಗಬಹುದು. ಉಣ್ಣದೆ ಎದ್ದು ಹೋದರೆ ಕರೆಸಿದ್ದು ಲೆಕ್ಕಕ್ಕಿಲ್ಲ. ಅಪ್ಪ ಅವ್ವ ಇಲ್ಲದ ಮೇಲೆ ಅಕ್ಕನ ತವರು ಅಂದರೆ ನಾನೇ. ಕರೆದಾಗೆಲ್ಲ, "ಈಗ ಬ್ಯಾಡ ಕಣಪ್ಪಾ, ಕುರಿ ಮರಿ ಆಕ್ತಾ ಅವೆ" ಅನ್ನುತ್ತಿದ್ದಳು. ಅವಳ ಕುರಿಗಳು ವರ್ಷವಿಡೀ ಮರಿ ಹಾಕುತ್ತಲೇ ಇದ್ದವು.

ಅಕ್ಕನಿಗೆ ಚಿಕ್ಕಂದಿನಿಂದ ಸಿನಿಮಾ ಹುಚ್ಚು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಟೆಂಟಿಗೆ ಹೋಗುತ್ತಿದ್ದಳು. ಮುಂದಿನವರ ತಲೆ ಅಡ್ಡ ಬರದ ಹಾಗೆ ಮರಳು ಗುಡ್ಡೆ ಮಾಡಿ ಅದರ ಮೇಲೆ ನನ್ನನ್ನು ಕೂರಿಸುವಳು. ನಾನು ಅರ್ಧಕ್ಕೇ ನಿದ್ದೆ ಹೋಗುತ್ತಿದ್ದೆ. ಉಳಿದ ಕಥೆಯನ್ನು ಬರುವ ದಾರಿಯಲ್ಲಿ ಹೇಳುತ್ತಿದ್ದಳು. ದೊಡ್ಡವನಾದ ಮೇಲೆ ಅವೇ ಸಿನಿಮಾಗಳನ್ನು ನೋಡಿದಾಗ ತಿಳಿಯಿತು, ಕೊನೆಯಲ್ಲಿ ಸಾಯುವವರನ್ನೆಲ್ಲ ಅವಳು ನನಗಾಗಿ ಬದುಕಿಸಿ ಹೇಳಿದ್ದಳು. ಈಗ ಧರ್ಮಪುರಿಯ ಥಿಯೇಟರಿಗೆ ಕರೆದರೆ ಬರುತ್ತಾಳಾ? ಬಂದರೂ ಜನ ಬಾಯಿ ಮುಚ್ಚಿಕೊಂಡು ಇರುತ್ತಾರಾ? ಅದಕ್ಕೇ ಥಿಯೇಟರನ್ನೇ ಮನೆಗೆ ತಂದೆ.

ಫೋನ್ ಮಾಡಿ ಹೇಳಿದೆ. ಮೊದಲು ನಂಬಲಿಲ್ಲ.

"ಗೋಡೆ ಪೂರಾ ಬತ್ತದಾ?"

"ಪೂರಾ. ಆಳೆತ್ತರ ಕಾಣ್ತಾರೆ."

"ಉಶಾರಾಗಿ ಸುಳ್ಳೇಳೋದ್ ಕಲ್ತಿದ್ದೀಯ."

"ಬಂದ್ ನೋಡು ಮತ್ತೆ. ಸುಳ್ಳಾಗಿದ್ರೆ ಬೈದ್ಬುಟ್ಟು ಓಗು."

ಅವಳು ಕುರಿಗಳನ್ನು ಗದರುವುದು ಫೋನಿನಲ್ಲಿ ಕೇಳಿಸಿತು. ಆಮೇಲೆ, "ಭಾನುವಾರ ಬತ್ತೀನಿ ಬುಡು" ಎಂದಳು. ಆ ದಿನ ಶೆಡ್ಡಿನಲ್ಲಿ ಎಲ್ಲರಿಗೂ ನಾನೇ ಟೀ ಹೇಳಿದೆ.

ಲಾರಿಯ ಆಂಗಲ್ ಕಬ್ಬಿಣದ ತುಂಡುಗಳನ್ನು ಬೆಸೆದು ಸ್ಟ್ಯಾಂಡು ಮಾಡಿ, ಪ್ರೊಜೆಕ್ಟರನ್ನು ತಾರಸಿಯಿಂದ ಇಳಿಬಿಟ್ಟೆ. ನಮ್ಮ ಹಾಲಿನ ಗೋಡೆ ಹಸಿರು ಬಣ್ಣದ್ದು, ಮೇಲಾಗಿ ಒರಟು. ಅಂಗಡಿಯ ಸ್ಕ್ರೀನು ನನ್ನ ಅಳತೆಗೆ ಸಿಗಲಿಲ್ಲ. ಸೇಲಂಗೆ ಹೋಗಿ ಅಗಲ ಪನ್ನದ ಮಂಜರಪಾಟು ತಂದೆ, ಗಂಜಿ ಮುರಿಯದ ಹೊಸ ಬಿಳಿ ಬಟ್ಟೆ. ಪೈಪಿನ ಚೌಕಟ್ಟು ಮಾಡಿ, ಲಾರಿಗೆ ತಾರ್ಪಾಲು ಬಿಗಿಯುವ ಹಾಗೆ ಸುತ್ತಲೂ ಹಗ್ಗ ಹಾಕಿ ಬಿಗಿದೆ. ಗೆಳೆಯ ಬೆರಳಲ್ಲಿ ತಟ್ಟಿ ನೋಡಿ, "ತಮಟೆ ಕಣಲಾ" ಎಂದ.

ಹೆಂಡತಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದಳು. "ನಾಲ್ಕು ಮೂಲೆಗೂ ಒಂದೊಂದು ಬೊಟ್ಟು ಇಡಿ."

"ಪಿಚ್ಚರ್ ಮೂಲೇಲಿ ಕಾಮಾಲೆ ಬಂದಂಗೆ ಕಾಣ್ತದೆ. ಬ್ಯಾಡ."

"ಒಸಾ ಬಟ್ಟೆ. ಅದೂ ಬಿಳೀದು."

"ಉಡೋ ಬಟ್ಟೆಯಾ ಇದು? ಮೆಷಿನ್‌ದು."

ಅವಳು ಬಟ್ಟಲನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ನಮ್ಮ ಕಡೆ ಹೊಸ ಬಟ್ಟೆಯನ್ನು ಮೂಲೆಗೆ ಅರಿಶಿನ ಮುಟ್ಟಿಸದೆ ಯಾರೂ ಬಳಸುವುದಿಲ್ಲ. ಅರಿಶಿನ ಕಾಣದ ಹೊಸ ಬಿಳಿ ಬಟ್ಟೆಗೆ ಇರುವುದು ಒಂದೇ ಕೆಲಸ, ಹೆಣದ ಮೇಲೆ ನೆಂಟರು ತಂದು ಹೊದಿಸುವುದು. ಅದನ್ನು ಕೋಡಿ ಎನ್ನುತ್ತೇವೆ. ಇದು ನನಗೆ ತಿಳಿಯದ್ದೇನಲ್ಲ. ಆದರೆ ಅದನ್ನು ನಾನು ಬಟ್ಟೆ ಅಂತ ನೋಡಲಿಲ್ಲ, ಸ್ಕ್ರೀನು ಅಂತ ನೋಡಿದೆ. ಈಗಲೂ ಆ ಕೆಲಸದಲ್ಲಿ ತಪ್ಪು ಹುಡುಕಿದರೆ ನನಗೆ ಸಿಗುವುದಿಲ್ಲ. ಒಂದು ಸುಕ್ಕು ಇರಲಿಲ್ಲ ಅದರಲ್ಲಿ.

ಭಾನುವಾರ ಅಕ್ಕ ಬಂದಳು. ಬಣ್ಣ ಮಾಸಿದ ಸೀರೆ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಹೆಂಡತಿ ಅವಳಿಗಾಗಿ ತೆಗೆದಿಟ್ಟ ಹೊಸ ಸೀರೆ ದೇವರ ಮುಂದಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಊಟಕ್ಕೆ ಮುಂಚೆ ಸಿನಿಮಾ ಅಂತ ನಾನೇ ಹಟ ಹಿಡಿದೆ. ಬಿಸಿಲು ಒಳಗೆ ಬಾರದ ಹಾಗೆ ಕಿಟಕಿಗಳಿಗೆ ಕರಿ ಕಂಬಳಿ ಕಟ್ಟಿದೆ. ಗೆಳೆಯ ಬಂದ, ಪಕ್ಕದ ಮನೆಯ ಹೆಂಗಸರು ಬಂದು ಬಾಗಿಲ ಬಳಿ ಕೂತರು.

ಹಳೆಯ ತಮಾಷೆಯ ಸಿನಿಮಾ ಹಾಕಿದೆ. ಮೊದಲ ಚಿತ್ರ ಬಿದ್ದಾಗ ಅಕ್ಕ "ಅಯ್ಯಪ್ಪಾ!" ಎಂದು ಹಿಂದಕ್ಕೆ ಸರಿದಳು. ಎಲ್ಲರೂ ನಕ್ಕರು. ಆಮೇಲೆ ಕಾಲು ನೀಡಿಕೊಂಡು, ಗೋಡೆಗೆ ಒರಗಿ ಕೂತಳು. ಹಾಸ್ಯಗಾರ ಬಾವಿಗೆ ಬೀಳುವ ಕಡೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗೆಳೆಯ ನನ್ನ ಪಕ್ಕೆಗೆ ತಿವಿದು, "ಕೆಲ್ಸ ಆಯ್ತು ಕಣಲಾ" ಎಂದು ಪಿಸುಗುಟ್ಟಿದ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ಅವಳಿಗೆ ಅಂತ ಇನ್ನೊಂದು ಇಟ್ಟುಕೊಂಡಿದ್ದೆ. ನಮ್ಮ ಮನೆಯ ಗೃಹಪ್ರವೇಶದ ವಿಡಿಯೋವನ್ನು ಸ್ಟುಡಿಯೋದವನ ಹತ್ತಿರ ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದೆ. ಅದನ್ನು ಹಾಕಿದೆ.

ಹಿಂದೆ ನಾದಸ್ವರ. ಗೇಟಿನಿಂದ ಭಾವ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಮಗೆ ಉಡುಗೊರೆ ಅಂತ ತಂದ ಟಗರು. ಆಳೆತ್ತರ. ನಮ್ಮ ಹಾಲಿನ ಒಳಕ್ಕೇ ನಡೆದು ಬಂದ ಹಾಗಿತ್ತು. ಪಕ್ಕದ ಮನೆಯವಳು, "ಅಯ್ಯೋ, ಉಸ್ರಾಡ್ತಾ ಅವ್ರಲ್ಲ!" ಎಂದಳು. ಚಿತ್ರದಲ್ಲಿ ನಾನು ಎದುರು ಹೋದೆ, ಭಾವ ಬಾಗಿ ನನ್ನ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕೆವು.

ನಾನು ಅಕ್ಕನ ಕಡೆ ತಿರುಗಿದೆ. ಅವಳು ನೀಡಿದ್ದ ಕಾಲನ್ನು ಮಡಚಿಕೊಂಡು, ಸೆರಗನ್ನು ಸರಿಮಾಡಿಕೊಂಡು ಎದ್ದು ನಿಂತಿದ್ದಳು. ಭಾವ ಹಟ್ಟಿಯಿಂದ ಮನೆಗೆ ಬಂದಾಗ ಹಾಗೇ ಏಳುತ್ತಿದ್ದಳು. ಎರಡು ಹೆಜ್ಜೆ ಮುಂದೆ ಹೋಗಿ ಬಟ್ಟೆಯ ಅಂಚು ಹಿಡಿದಳು. ಭಾವನ ಮೈಯೆಲ್ಲ ಅಲುಗಿತು. ಅಂಚನ್ನು ಬೆರಳುಗಳ ನಡುವೆ ಉಜ್ಜಿದಳು, ಗಂಜಿ ಮುಟ್ಟಿ ನೋಡಿದಳು, ಮೂಲೆಗೆ ಸರಿದು ಮೂಲೆಯನ್ನೂ ನೋಡಿದಳು.

"ಅರಿಶಿನ ಇಟ್ಟಿಲ್ವಾ?"

ನಾದಸ್ವರ ನಡೆದೇ ಇತ್ತು.

"ಅವ್ರ ಮೇಲೆ ಮೊದ್ಲು ಕೋಡಿ ಒದ್ಸಿದ್ದು ನೀನೇ. ಒಂದ್ಸಲ ಸಾಲ್ದಾಗಿತ್ತಾ ತಮ್ಮಾ?"

ನಾನು ತಡವರಿಸಿ ರಿಮೋಟಿನ ಯಾವುದೋ ಗುಂಡಿ ಒತ್ತಿದೆ. ಅದು ಆರುವ ಬದಲು ನಿಂತುಬಿಟ್ಟಿತು. ಭಾವ ಬಾಯಿ ಅರ್ಧ ತೆರೆದುಕೊಂಡು ಹಾಗೇ ನಿಂತರು. ಗೆಳೆಯ ಎದ್ದು ಹೋಗಿ ಪ್ಲಗ್ಗನ್ನೇ ಕಿತ್ತ.

ಅಕ್ಕ ಊಟ ಮಾಡಲಿಲ್ಲ. ಹೆಂಡತಿ ಕೈ ಹಿಡಿದಳು, ಮಗಳು "ಅತ್ತೆ, ಪ್ಲೀಸ್ ಅತ್ತೆ" ಎಂದು ಅತ್ತಳು. "ಒಟ್ಟೆ ತುಂಬ್ತು ಕಂದಾ" ಎಂದು ಅವಳ ತಲೆ ಸವರಿ, ಸೀರೆಯ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡಳು. ನಾನು ಬಸ್‌ಸ್ಟಾಪಿನ ತನಕ ಹಿಂದೆ ಹೋದೆ. ಧರ್ಮಪುರಿ ಬಸ್ಸು ಬಂತು, ಹತ್ತಿದಳು. ಕಿಟಕಿಯಿಂದ ಒಂದು ಸಲವೂ ತಿರುಗಿ ನೋಡಲಿಲ್ಲ.

ನೆಂಟರಲ್ಲಿ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ತವರಿಗೆ ಕರೆಸಿ ಗಂಡನ ಹೆಣ ತೋರಿಸಿ ಕಳಿಸಿದನಂತೆ ಎಂದರು. ನಾಲ್ಕು ಕಾಸು ಬಂದರೆ ಮೂಲೆಗೆ ಬೊಟ್ಟು ಇಡುವುದೂ ಭಾರವಾಗುತ್ತದೆ ಎಂದರು. ನನಗೂ ರೋಷ ಬಂತು. ಯಾರೋ ಏನೋ ಅಂದರು ಅಂತ ಬಟ್ಟೆ ಇಳಿಸುವವನಾ ನಾನು? ಸಂಜೆ ಕ್ರಿಕೆಟ್ ಹಾಕಿಕೊಂಡು ಒಬ್ಬನೇ ಕೂರುತ್ತಿದ್ದೆ. ಒಂದು ಸಂಜೆ ನೋಡುತ್ತೇನೆ, ಮೈದಾನದ ನಾಲ್ಕು ಮೂಲೆಗಳಲ್ಲೂ ಹಳದಿ ಚುಕ್ಕೆ. ಹೆಂಡತಿ ಇಟ್ಟಿದ್ದಳು. ನಾನು ಅವನ್ನು ಅಳಿಸಲು ಹೋಗಲಿಲ್ಲ.

ಅಕ್ಕನ ಹಳ್ಳಿಯಲ್ಲೇ ಒಂದು ಮದುವೆ ಬಂತು. ನಾವೆಲ್ಲ ಹೋದೆವು. ಅವಳ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಚಪ್ಪರ. ಅವಳು ಬರಲಿಲ್ಲ, ಬರುವ ಹಾಗಿರಲಿಲ್ಲ. ಎಲೆಯ ಮುಂದೆ ಕೂತ ನನಗೆ ಅನ್ನ ಇಳಿಯಲಿಲ್ಲ. ಎದ್ದು ಅವಳ ಮನೆಗೆ ಹೋದೆ.

ಕುರಿಗಳಿಗೆ ಬಾನಿಯಲ್ಲಿ ನೀರು ತುಂಬುತ್ತಿದ್ದಳು. "ಉಂಡ್ಯಾ?" ಎಂದಳು. ಇಲ್ಲವೆಂದೆ. ರಾಗಿ ಅಂಬಲಿ ತಂದು ಕೊಟ್ಟು ಎದುರಿಗೆ ಕೂತಳು. ನಾನು ಕ್ಷಮೆಯ ಮಾತು ಜೋಡಿಸುತ್ತಿದ್ದೆ, ಅಂಥ ಮಾತು ನನಗೆ ಬೇಗ ಬರುವುದಿಲ್ಲ. ಅಷ್ಟರಲ್ಲಿ ಅವಳೇ ಕೇಳಿದಳು.

"ಅದ್ರಾಗೆ ನಿನ್ ಕಿವೀಲಿ ಅವ್ರು ಏನೋ ಏಳ್ತಾರಲ್ಲ. ಏನದು?"

ವಿಡಿಯೋದಲ್ಲಿ ಮಾತು ಕೇಳುವುದಿಲ್ಲ. ಸ್ಟುಡಿಯೋದವನು ಉದ್ದಕ್ಕೂ ನಾದಸ್ವರ ಕೂರಿಸಿದ್ದಾನೆ. ನಾನು ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ.

"ಮನೆ ಚೆನ್ನಾಗ್ ಕಟ್ಟಿದ್ದೀಯ ಅಂದ್ರು" ಎಂದೆ.

"ಸುಳ್ಳು. ಅವ್ರು ಯಾರ್ನೂ ಮಖದ ಮುಂದೆ ಒಗಳ್ದೋರಲ್ಲ."

ಅಂಬಲಿಯ ಚೊಂಬನ್ನೇ ನೋಡುತ್ತಾ ಕೂತೆ. "ಗ್ಯಾಪ್ನ ಇಲ್ಲ ಕಣಕ್ಕಾ."

"ಇಲ್ಲ ಅಂತೇಳು ಮತ್ತೆ."

ಒಂದು ಮರಿ ಬಂದು ಅವಳ ಸೆರಗು ಜಗಿಯತೊಡಗಿತು. ಬಿಡಿಸಿಕೊಂಡಳು. "ಸೀರೆ ಇಲ್ಲಿ ತಗಳಾಕಿಲ್ಲ. ನಿನ್ ಮನೇಗೇ ಬತ್ತೀನಿ, ಉಂಡು ತಗತೀನಿ. ಆದ್ರೆ ಒಂದ್ ಮಾತು. ಅದ್ನ ನಂಗೆ ಇನ್ನೊಂದ್ಸಲ ತೋರಿಸ್ಬ್ಯಾಡ. ನಾನಾಗಿ ಕೇಳಿದ್ರೂ ಆಕ್ಬ್ಯಾಡ."

"ನೀನ್ಯಾಕೆ ಕೇಳ್ತೀಯಕ್ಕಾ?"

"ಕೇಳ್ತೀನಿ ಕಣಪ್ಪಾ. ಆ ಕೊನೇ ಮನೆಯೋಳು ಸತ್ತ ಮಗನ್ನ ಫೋನಾಗೆ ನೋಡ್ತಾ ಕೂತ್ರೆ ಒಲೇನೇ ಅಚ್ಚಾಕಿಲ್ಲ. ನಂಗೆ ಕುರಿ ಅವೆ."

ಮುಂದಿನ ವಾರ ಬಂದಳು. ಹೆಂಡತಿ ಎಲೆ ಹಾಕಿದಳು. ಅಕ್ಕ ನಿಧಾನವಾಗಿ, ಕೆಲಸ ಮಾಡುವವಳ ಹಾಗೆ, ಪೂರ್ತಿ ಉಂಡಳು. ನನ್ನ ಕೈಯಿಂದ ಸೀರೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಹೆಂಡತಿ ದೇವರಿಗೆ ಕೈಮುಗಿದಳು. ಪಕ್ಕದ ಮನೆಯವಳು ಬಂದು, ತನ್ನ ಮಗನ ಮದುವೆಗೆ ಬರಲೇಬೇಕು ಅಂತ ಅಕ್ಕನಿಗೆ ಹೇಳಿಹೋದಳು. ಎಲ್ಲ ಮುಗಿಯಿತು ಅಂತ ನಾನು ಉಸಿರು ಬಿಟ್ಟೆ.

ಹೆಂಡತಿ, ಮಗಳು ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಹಾಲಿನಲ್ಲಿ ನಾವಿಬ್ಬರೇ. ಅಕ್ಕ ಬಿಳಿ ಬಟ್ಟೆಯ ಎದುರಿಗೆ ಕೂತಿದ್ದಳು. ಕಾಲು ನೀಡಿರಲಿಲ್ಲ.

"ಆಕಲಾ" ಎಂದಳು.

ಯಾವುದನ್ನು ಅಂತ ನಾನು ಕೇಳಲಿಲ್ಲ.

"ಒಂದೇ ಸಲ. ಬಾಯಿ ನೋಡಿದ್ರೆ ಏನ್ ಮಾತು ಅಂತ ನಂಗೆ ತಿಳೀತದೆ. ಆಕು."

ಪೆನ್‌ಡ್ರೈವು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

"ಕರೆಂಟಿಲ್ಲ ಕಣಕ್ಕಾ" ಎಂದೆ.

ಅಕ್ಕ ತಲೆ ಎತ್ತಿ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಓಗ್ಲಿ ಬುಡು, ಕರೆಂಟಿಲ್ದಿದ್ರೆ ನೀನೇನ್ ಮಾಡ್ತೀಯ" ಎಂದು ಎದ್ದು, ಪಾತ್ರೆ ಉಜ್ಜುವವರ ಜೊತೆ ಕೂರಲು ಹಿತ್ತಲಿಗೆ ಹೋದಳು.