ಅಂಗೈಗೆ ಕೇಳುವ ಮಂಚ

ನನ್ನ ಮಾವನವರ ಬಲ ಅಂಗೈ ತಟ್ಟೆಯಂತೆ ಅಗಲವಾಗಿತ್ತು, ಬೆರಳ ತುದಿಗಳು ಚಪ್ಪಟೆ. ಎಲ್ಲಿ ಕುಳಿತರೂ ಅದನ್ನು ಎದುರಿಗಿದ್ದ ಹಲಗೆಯ ಮೇಲೋ ಮೇಜಿನ ಮೇಲೋ ಮಗುಚಿ ಊರುತ್ತಿದ್ದರು. ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್ ಆಗಿದ್ದರು. ಹಾರ್ನ್ ಕೇಳಿ ಕೇಳಿ ಕಿವಿ ಮಂದವಾಗಿತ್ತು. ಆದರೂ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಮೇಜಿನ ನಡುಕ ಅವರ ಅಂಗೈಗೆ ತಿಳಿಯುತ್ತಿತ್ತಂತೆ. ಮೈಕಿನಲ್ಲಿ ‘ಗಂಗಾವತಿ ಗಾಡಿ ಬಂತ್ರಿ’ ಎಂದು ಕೂಗಿಬಿಡುತ್ತಿದ್ದರಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಮನೆಮಂದಿ ಕಟ್ಟಿದ ಕಥೆ ಎಂದುಕೊಂಡಿದ್ದೆ.

ಸೊಸೆ ಬಂದ ಮೇಲೆ ಹಿರಿಯರು ಒಂದೇ ಕೋಣೆಯಲ್ಲಿ ಮಲಗುವುದು ಆ ಮನೆಯಲ್ಲಿ ಇರಲಿಲ್ಲ. ಮಾವನವರು ಪಡಸಾಲೆಯಲ್ಲಿ, ಅತ್ತೆ ಒಳಕೋಣೆಯಲ್ಲಿ. ಯಾರೂ ಹೇಳಿ ಮಾಡಿದ್ದಲ್ಲ, ನಡೆದುಕೊಂಡು ಬಂದದ್ದು. ಮರುವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಒಂದು ಬೆಳಿಗ್ಗೆ ನಾನು ಚಹಾ ಒಯ್ದಾಗ ಅವರು ನೆಲದ ಮೇಲೆ ಬಿದ್ದಿದ್ದರು. ಪಕ್ಕದಲ್ಲಿ ತಂಬಿಗೆ ಉರುಳಿತ್ತು. ಚೆಲ್ಲಿದ ನೀರು ಆಗಲೇ ಆರಿಹೋಗಿತ್ತು. ಕರೆಯಲು ಅವರಿಗೆ ಬಾಯಿ ಇರಲಿಲ್ಲ. ಗೋಡೆಯಾಚೆ ಮಲಗಿದವರಿಗೆ ಕಿವಿ ಇರಲಿಲ್ಲ.

ನನ್ನ ಗಂಡ ಅವರ ಕಿವಿಯ ಬಳಿ ಬಾಗಿ ಜೋರಾಗಿ, “ಅಪ್ಪಾ, ಕೈಗೆ ಸಿಗೂಹಂಗ ಒಂದು ಬೆಲ್ ಹಾಕಸೋಣು” ಎಂದರು.

“ಬೆಲ್ ನನಗ ಕೇಳಬೇಕಲ್ಲಪಾ” ಎಂದರು ಮಾವನವರು. ಸ್ವಲ್ಪ ಹೊತ್ತು ಆರಿದ ನೀರಿನ ಕಲೆಯನ್ನೇ ನೋಡುತ್ತಿದ್ದು, “ನಾ ಇನ್ನ ಮ್ಯಾಲ ಅಕಿ ಬಾಜೂನ ಮಲಗ್ತೀನಿ. ಇಬ್ಬರಿಗಾಗೂವಂಥ ಮಂಚ ನೋಡ್ರಿ” ಎಂದರು. ಹೇಳಿದವರೇ ನಾಚಿ ಎದ್ದು ಹೋದರು.

ಅತ್ತೆಯ ಬಳಿ ಪಕ್ಕದ ಮನೆಯವರನ್ನು ಕೂರಿಸಿ, ಗಂಗಾವತಿಯ ದೊಡ್ಡ ಅಂಗಡಿಗೆ ನಾವು ಮೂವರೂ ಹೋದೆವು. ಅಲ್ಲಿಯ ಹುಡುಗಿ ಒಂದು ಸ್ಪ್ರಿಂಗ್ ಹಾಸಿಗೆಯ ಮೇಲೆ ನೀರು ತುಂಬಿದ ಗ್ಲಾಸಿಟ್ಟು, ಇನ್ನೊಂದು ತುದಿಯಲ್ಲಿ ಧಪ್ಪನೆ ಕುಳಿತಳು. ನೀರು ಅಲುಗಲಿಲ್ಲ.

“ನೋಡ್ರಿ ಕಾಕಾರ, ಒಬ್ರು ಹೊಳ್ಳಿದ್ರೂ ಎದ್ರೂ ಇನ್ನೊಬ್ರಿಗೆ ಗೊತ್ತ ಆಗಂಗಿಲ್ಲ. ನಿದ್ದಿ ಕೆಡಂಗಿಲ್ಲ.”

ನನಗೂ ನನ್ನ ಗಂಡನಿಗೂ ಅದು ತುಂಬ ಹಿಡಿಸಿತು. ಮಾವನವರು ಬಗ್ಗಿ ಹಾಸಿಗೆಯ ಮೇಲೆ ಅಂಗೈ ಊರಿದರು. “ಈಗ ಆಕಡಿ ಒತ್ತವ್ವ” ಎಂದರು. ಅವಳು ಒತ್ತಿದಳು. “ಇನ್ನಷ್ಟು ಒತ್ತು.” ಮತ್ತೆ ಒತ್ತಿದಳು. ಅವರು ತಲೆಯಾಡಿಸಿ ಕೈ ತೆಗೆದರು.

“ಇದು ಕಿವುಡು ಐತೆವ್ವ. ನಾನೂ ಕಿವುಡ, ಹಾಸಿಗಿನೂ ಕಿವುಡು ಅಂದ್ರ ಅಕಿ ಏನ ಮಾಡಬೇಕು?”

ಅಂಗಡಿಯ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ಅಷ್ಟು ಜನರ ನಡುವೆ ನಾನು ಮುಖ ತಿರುಗಿಸಿ ಪರದೆಗಳನ್ನು ನೋಡುತ್ತ ನಿಂತೆ.

ಕೊನೆಗೆ ಕುಷ್ಟಗಿಯಲ್ಲೇ ತೇಗದ ಚೌಕಟ್ಟು ಮಾಡಿಸಿದರು. ಹಲಗೆ ಬೇಡವೆಂದು ನವಾರ ತಂದರು, ಹಳೆಯ ಮಂಚಗಳಿಗೆ ಹೆಣೆಯುವ ಹತ್ತಿಯ ಅಗಲ ಪಟ್ಟಿ. ಚೌಕಟ್ಟು ಮನೆ ಮುಂದೆ ಇಳಿದಾಗ ಅವರ ಹಳೆಯ ಗೆಳೆಯರಾದ ನಿವೃತ್ತ ಡ್ರೈವರ್ ಎದುರು ಕಟ್ಟೆಯಿಂದಲೇ ಕೂಗಿದರು: “ಏನ್ರಿ ಸಾಹೇಬ್ರ, ಇಷ್ಟು ಅಗಲ ಮಂಚ! ಈ ವಯಸ್ಸಿನ್ಯಾಗ ಮತ್ತ ಮದಿವಿ ಏನ್ರಿ?”

“ಮದಿವಿ ಟೈಮಿಗೇ ಆಗೇತಪಾ. ಗಾಡಿ ಒಂದು ಲೇಟ್ ಬಂತು!”

ಓಣಿಯೇ ನಕ್ಕಿತು. ಒಳಗೆ ಕುರ್ಚಿಯಲ್ಲಿದ್ದ ಅತ್ತೆ ಎಡಗೈಯಿಂದ ಸೆರಗು ಬಾಯಿಗೆ ಒತ್ತಿಕೊಂಡರು. ಕಾಯಿಲೆಯಾದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ನವಾರವನ್ನು ಮಾವನವರೇ ಹೆಣೆದರು. ತುದಿ ಹಿಡಿದು ಎಳೆಯುವ ಕೆಲಸ ನನ್ನದು. ತೀರ ಬಿಗಿಯಾದರೆ ಹಲಗೆಯಂತೆ ಸುಮ್ಮನಾಗುತ್ತದೆ, ಸಡಿಲಾದರೆ ಇಬ್ಬರೂ ನಡುವಿಗೆ ಉರುಳುತ್ತಾರೆ. ಹೆಣೆದು, ಬಿಚ್ಚಿ, ಮತ್ತೆ ಹೆಣೆದರು. ನನ್ನನ್ನು ಒಂದು ಮೂಲೆಯಲ್ಲಿ ಕೂರಿಸಿ, ತಾವು ಇನ್ನೊಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಅಂಗೈ ಊರಿ, “ಒಂದು ಬೆರಳಲೆ ಒತ್ತವ್ವ” ಎನ್ನುತ್ತಿದ್ದರು. ನಾನು ಒತ್ತಿದೆ. “ಬಂತು!” ಎಂದರು, ಬಸ್ಸು ಬಂದಷ್ಟೇ ಜೋರಾಗಿ. ಮನೆಯವರ ಕಥೆ ನಿಜವೆಂದು ಆ ಕ್ಷಣ ಗೊತ್ತಾಯಿತು.

ಮೇಲೆ ಹತ್ತಿಯ ತೆಳು ಗಾದಿ. ಅತ್ತೆಯ ಎಡಗೈಗೆ ಸಿಗುವಂತೆ ಅವರ ಬದಿಗೆ ನೀರಿನ ಸ್ಟೂಲು. ನಾನು ಆರಿಸಿ ತಂದ ತಿಳಿ ಬೂದು ಚಾದರವನ್ನು ಅತ್ತೆ ಬೆರಳಿಂದ ಪಕ್ಕಕ್ಕೆ ಸರಿಸಿ, ದೊಡ್ಡ ದೊಡ್ಡ ಕೆಂಪು ಹೂವಿನದನ್ನು ತೋರಿಸಿದರು. “ಮಾತು ಹೋದ್ರೂ ಹಟ ಹೋಗಿಲ್ಲ” ಎಂದು ಮಾವನವರು ಅದನ್ನೇ ಹಾಸಿದರು.

ಅಂದಿನಿಂದ ಅತ್ತೆ ಬೀಳಲಿಲ್ಲ. ಒಮ್ಮೆ ಮಾವನವರ ಕೆಂಪಾದ ಕಣ್ಣು ನೋಡಿ, “ಅತ್ತಿಯವರು ಭಾಳ ಸಲ ಒತ್ತಿ ಎಬ್ಬಸ್ತಾರೇನ್ರಿ?” ಎಂದೆ. ಅಂಥದ್ದನ್ನೆಲ್ಲ ಕೇಳುವ ಸ್ವಭಾವ ನನ್ನದಲ್ಲ.

“ಎಬ್ಬಸ್ತಾಳ. ನೀರಿಗೆ ಕಮ್ಮಿ. ಇವ ಅದಾನೋ ಇಲ್ಲೋ ಅಂತ ಕೇಳಾಕ ಜಾಸ್ತಿ.”

“ನೀವು ಏನಂತೀರಿ?”

ಅವರು ಕುಳಿತಿದ್ದ ಬೆಂಚಿನ ಮೇಲೆ ಅಂಗೈಯಿಂದ ಒಮ್ಮೆ ಒತ್ತಿ ತೋರಿಸಿದರು. “ಇಷ್ಟೇ.”

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಾವನವರು ರೊಟ್ಟಿ ಉಂಡು, ಮಜ್ಜಿಗೆ ಕುಡಿದು ಮಲಗಿದರು. ನಾನು ಅಡಿಗೆಮನೆ ಒರೆಸುತ್ತಿದ್ದಾಗ ಮಂಚದ ಚೌಕಟ್ಟಿಗೆ ಬಳೆ ಬಡಿಯುವ ಸದ್ದು ಕೇಳಿತು. ಒಳಗೆ ಹೋದಾಗ ಮಾವನವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ನಿದ್ದೆಯಲ್ಲಿದ್ದಂತೆ. ಅತ್ತೆ ಎಡ ಅಂಗೈಯನ್ನು ಕೆಂಪು ಹೂವಿನ ಮೇಲೆ ಊರಿ ಒತ್ತುತ್ತಿದ್ದರು. ಒತ್ತಿ, ತಡೆದು, ಮತ್ತೆ ಒತ್ತಿದರು. ನನ್ನನ್ನು ನೋಡಿ ಇಲ್ಲ ಎಂಬಂತೆ ತಲೆಯಾಡಿಸಿದರು. ನನಗಿಂತ ಮೊದಲು ಅವರಿಗೆ ತಿಳಿದಿತ್ತು.

ನನ್ನ ಗಂಡನ ಕೆಲಸ ಈಗ ಕೊಪ್ಪಳದಲ್ಲಿ, ರಜೆಗೆ ಬರುತ್ತಾರೆ. ಗೋಡೆಯ ಕಡೆಯ ಆ ಜಾಗದಲ್ಲಿ ನಾನು ಮಲಗುತ್ತೇನೆ. ಚಿಕ್ಕಂದಿನಿಂದ ಒಬ್ಬಳೇ ಮಲಗಿ ಬೆಳೆದವಳು ನಾನು. ಮದುವೆಯಾದ ಮೇಲೂ ಪಕ್ಕದಲ್ಲಿ ಯಾರಾದರೂ ಉಸಿರಾಡಿದರೆ ಸರಿಯಾಗಿ ನಿದ್ದೆ ಬಾರದು. ಮೊದಲ ಸಲ ನವಾರ ನನ್ನ ಬೆನ್ನ ಕೆಳಗೆ ಮೆಲ್ಲಗೆ ಅಲುಗಿದಾಗ ಗಾಬರಿಯಿಂದ ಎದ್ದು ಕುಳಿತು, “ಏನ್ರಿ ಅತ್ತಿ, ನೀರು ಬೇಕಾ?” ಎಂದೆ. ಅವರು ಬೇಡವೆಂದು ಕೈಯಾಡಿಸಿದರು. ಮತ್ತೆ ಒತ್ತಿದರು.

ಮಾವನವರು ಬೆಂಚಿನ ಮೇಲೆ ತೋರಿಸಿದ್ದು ನೆನಪಾಯಿತು. ನನ್ನದು ಸಣ್ಣ ಕೈ. ಅಂಗೈ ಊರಿ ಒಮ್ಮೆ ಒತ್ತಿದೆ. ಆಚೆ ಬದಿ ಸುಮ್ಮನಾಯಿತು. ಅತ್ತೆ ನಿದ್ದೆ ಹೋದರು.