ಪರದೆ ತುಂಬ ಗೊರಕೆ

ಟೈಲರಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಆದರೆ ಅವಳಷ್ಟು ಮಾತುಗಾರ್ತಿಯನ್ನು ದೀಪ ಹಿಡಿದು ಹುಡುಕಿದರೂ ಸಿಗಲಿಕ್ಕಿಲ್ಲ. ಮಾತೆಲ್ಲ ಕೈಯಲ್ಲಿ. ಭಾನುವಾರ ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ಫೋನನ್ನು ಆನಿಸಿ ಕೂತಳೆಂದರೆ, ಕಿವುಡರ ಶಾಲೆಯಲ್ಲಿ ಅವಳೊಂದಿಗೆ ಓದಿದವರೆಲ್ಲ ಬೇರೆ ಬೇರೆ ಊರುಗಳಿಂದ ವಿಡಿಯೊ ಕರೆಗೆ ಹಾಜರು. ಊರ ಉಸಾಬರಿಯೆಲ್ಲ ಕೈಮಾತಿನಲ್ಲೇ ಮುಗಿಯುತ್ತಿತ್ತು.

ಹಳೆಯ ಆ್ಯಪು ಇನ್ನು ನಿಲ್ಲುತ್ತದೆಂದು ಸುದ್ದಿ ಬಂದಾಗ ಹೊಸದನ್ನು ಹುಡುಕಿದವಳೂ ಅವಳೇ. ಒಬ್ಬೊಬ್ಬರನ್ನೂ ಕಾಡಿ ಬೇಡಿ, ಮುನಿಸಿಕೊಂಡವರನ್ನು ರಮಿಸಿ, ಅಂತೂ ಎಲ್ಲರನ್ನೂ ಅಲ್ಲಿಗೆ ಸಾಗಿಸಿದಳು.

ಮೊದಲ ಭಾನುವಾರವೇ ಎಡವಟ್ಟು. ಟೈಪಿಸ್ಟಮ್ಮ ತನ್ನ ಆಫೀಸಿನ ಜಗಳದ ಕಥೆ ಶುರುಮಾಡಿದರೆ ಅವಳ ಚಿತ್ರ ಮೂಲೆಯಲ್ಲಿ ಉಗುರಿನಷ್ಟು. ಪರದೆ ತುಂಬ ಬೇಕರಿಯಣ್ಣ! ಅವನೋ ತನ್ನ ಪಾಡಿಗೆ ಬನ್ನು ತಿನ್ನುತ್ತಿದ್ದ. ಬೆನ್ನ ಹಿಂದೆ ಮಂಚದ ಮೇಲೆ ಅವನ ಅಪ್ಪ ಮಲಗಿದ್ದರು.

"ನೀನ್ಯಾಕೋ ಅಡ್ಡ ಬಂದೆ? ಸರಿ ಆ ಕಡೆ!" ಎಂದು ಎಲ್ಲರ ಕೈಗಳೂ ಗದರಿದವು.

"ನಾನೇನ್ ಮಾಡ್ದೆ? ಕೂತಲ್ಲೇ ಕೂತಿದೀನಿ!" ಎಂದು ಅವನ ಕೈ ಗೋಗರೆಯಿತು.

ಅಷ್ಟರಲ್ಲಿ ಒಣಗಿದ ಬಟ್ಟೆ ಎತ್ತಿಕೊಂಡು ಬಂದ ಟೈಲರಕ್ಕನ ಅತ್ತೆ ಬಾಗಿಲಲ್ಲೇ ನಿಂತರು. ಅವರಿಗೆ ಕಿವಿ ಬಲು ಚುರುಕು. ಫೋನಿನತ್ತ ಬೆರಳು ಮಾಡಿ, ಅಂಗೈಗೆ ಕೆನ್ನೆಯಾನಿಸಿ, ಬಾಯಿ ತೆರೆದು ಎದೆಯನ್ನು ಉಬ್ಬಿಸಿ ಇಳಿಸಿದರು. ಗೊರಕೆ!

ಟೈಲರಕ್ಕನಿಗೆ ತಟ್ಟನೆ ಅರ್ಥವಾಯಿತು. ಹೊಸ ಆ್ಯಪು ಸದ್ದು ಮಾಡಿದವರನ್ನೇ ದೊಡ್ಡದಾಗಿ ತೋರಿಸುತ್ತದೆ. ಮೈಕು ಆರಿಸಬೇಕೆಂದು ಇವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸದ್ದಿನ ಗೊಡವೆಯೇ ಇಲ್ಲದವರಿಗೆ ಹೊಳೆಯುವುದಾದರೂ ಹೇಗೆ?

ವಿಷಯ ತಿಳಿದದ್ದೇ ತಡ, ಟೈಪಿಸ್ಟಮ್ಮ ತಟ್ಟೆಗೆ ಸೌಟು ಬಾರಿಸಿದಳು. ಪರದೆ ತುಂಬ ಅವಳೇ! ಬೇಕರಿಯಣ್ಣ ಬಿಟ್ಟಾನೆಯೇ? ಟ್ರೇ ಬಡಿದು ಜಾಗ ಕಿತ್ತುಕೊಂಡ. ಉಳಿದವರು ಬಕೆಟ್ಟು, ಡಬ್ಬಿ, ಕಿಟಕಿ ಕಂಬಿ ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದರು.

ಅತ್ತೆ ಕಿವಿ ಮುಚ್ಚಿಕೊಂಡು, "ಅಯ್ಯೋ, ನಿಲ್ಸ್ರಪ್ಪಾ! ನಿಮಗೇನು, ಕೇಳ್ಸಲ್ಲ. ಪಾಪಿ ನಾನೊಬ್ಬಳಿದೀನಲ್ಲ ಇಲ್ಲಿ!" ಎಂದು ಕಿರುಚಿದರು. ಕಿರುಚಿದ ಕೂಡಲೇ ಎಲ್ಲರ ಪರದೆಯ ಮೇಲೂ ಅತ್ತೆಯೇ ಅತ್ತೆ! ಬನ್ನಿ ಬನ್ನಿ ಎಂದು ಎಲ್ಲರೂ ಕೈಬೀಸಿದರು.

ಸೊಸೆ ಬಂದಂದಿನಿಂದ ಈ ಹರಟೆಯತ್ತ ತಲೆಹಾಕದಿದ್ದವರು ನಾಚಿಕೊಂಡು ಬಂದು ಕೂತರು. ಬೇಕರಿಯಣ್ಣನನ್ನು "ಊಟ ಆಯ್ತಾ?" ಎಂದು ಕೈಯಲ್ಲೇ ಕೇಳಲು ಹೋಗಿ, "ನನ್ನ ಮದುವೆ ಆಗ್ತೀಯಾ?" ಎಂದುಬಿಟ್ಟರು.

ಅವನು ಗಂಭೀರವಾಗಿ, "ಅಪ್ಪನ್ನ ಕೇಳಿ ಹೇಳ್ತೀನಿ" ಎಂದ.

ಕೈಮಾತಿನವರಿಗೆ ನಗು ಉಕ್ಕಿದರೆ ಮಾತೇ ನಿಂತುಹೋಗುತ್ತದೆ. ಕೈಗಳೆಲ್ಲ ಹೊಟ್ಟೆ ಹಿಡಿದುಕೊಂಡಿರುತ್ತವೆ. ಸೊಸೆ ಅರ್ಥ ಬಿಡಿಸಿ ಹೇಳಿದಾಗ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳ ಹೆಗಲಿಗೇ ಒರಗಿ ನಕ್ಕರು. ಆ ನಗು ಮೈಯಿಂದ ಮೈಗೆ ನಡುಗಿ ಬಂದದ್ದು ಟೈಲರಕ್ಕನಿಗೆ ಹೊಸದು.

ಎಲ್ಲರನ್ನೂ ಸಮನಾಗಿ ತೋರಿಸುವ ಗುಂಡಿ ಆಮೇಲೆ ಸಿಕ್ಕಿತು. ಯಾರಿಗೂ ಬೇಡವಾಯಿತು. ಈಗ ಮಾತಾಡಬೇಕೆನಿಸಿದವರು ಏನಾದರೂ ಬಡಿಯುತ್ತಾರೆ. ಯಾರು ಏನು ಬಡಿಯಬೇಕು ಎಂಬ ಪಂಚಾಯಿತಿ ಮಾತ್ರ ಅತ್ತೆಯದು. ಬಕೆಟ್ಟನ್ನು ಅವರು ಆವತ್ತೇ ಬಹಿಷ್ಕರಿಸಿದ್ದಾರೆ.