ಕ್ವಿನೈನ್ ನುಂಗಿಸಿದ ಡಾಕ್ಟ್ರು

ಈ ಸಲ ಒಂದಕ್ಷರ ಸುಳ್ಳಿಲ್ಲ, ಸಿಗಂದೂರಮ್ಮನಾಣೆ. ಮೊನ್ನೆ ಸಾಗರದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿದ್ದೆ. ಪಕ್ಕದ ಸೀಟಲ್ಲಿ ಕಾಲೇಜಲ್ಲಿ ಪಾಠ ಮಾಡೋ ಹುಡುಗಿ. ಮಹಾರಾಜರ ಕಾಲದಲ್ಲಿ ನಮ್ಮ ಕಡೆ ಕುದುರೆ ಮೇಲೆ ಓಡಾಡ್ತಿದ್ದ ಒಬ್ಬ ಡಾಕ್ಟ್ರ ಜೀವನಚರಿತ್ರೆ ಬರೀತಿದ್ಲು.

"ಅವರ ಸರ್ಟಿಫಿಕೇಟ್ ಸಿಕ್ತು, ಫೋಟೋ ಸಿಕ್ತು. ಜನರನ್ನ ಹೆಂಗೆ ನೋಡ್ತಿದ್ರು ಅಂತ ಹೇಳೋರು ಒಬ್ರೂ ಸಿಗ್ಲಿಲ್ಲ ಅಜ್ಜ. ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕು," ಅಂದ್ಲು.

"ಈಗ ಸಿಕ್ಕಿದ್ರಲ್ಲ ಮಾರಾಯ್ತಿ!" ಅಂದೆ. ಮೊಬೈಲಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ಲು.

"ಮಲೇರಿಯಾಕ್ಕೆ ಕ್ವಿನೈನ್ ಪುಡಿ ಕೊಡ್ತಿದ್ರು. ಕಹಿ ಅಂತ ನಮ್ಮ ಜನ ಬಾಯಲ್ಲೇ ಇಟ್ಕೊಂಡು, ಡಾಕ್ಟ್ರು ಆ ಕಡೆ ಹೋದ್ಕೂಡ್ಲೆ ಉಗೀತಿದ್ರು. ಅದಕ್ಕೆ ಡಾಕ್ಟ್ರು ಪುಡಿ ಬಾಯಿಗೆ ಹಾಕಿದ ತಕ್ಷಣ, 'ಅಪ್ಪನ ಹೆಸರು, ಅಜ್ಜನ ಹೆಸರು, ಊರಿನ ಹೆಸರು ಗಟ್ಟಿಯಾಗಿ ಹೇಳು' ಅಂತಿದ್ರು. ನುಂಗದೆ ಹೇಳೋಕಾಗುತ್ತಾ?"

ಹುಡುಗಿ ಮುಖ ಅರಳಿಹೋಯ್ತು. "ಅಯ್ಯೋ, ನನಗೆ ಇದೇ ಬೇಕಿತ್ತು! ನಿಮಗೆ ಯಾರು ಹೇಳಿದ್ದು?"

ಹೇಳಿದ್ದು ನಮ್ಮಜ್ಜಿ. ಅಷ್ಟು ಹೇಳಿ ಸುಮ್ಮನಾಗ್ಬೋದಿತ್ತು. ಆದ್ರೆ ಬಸ್ಸು ಇನ್ನೂ ಹೊಸನಗರಾನೇ ದಾಟಿರ್ಲಿಲ್ಲ.

"ಯಾರೋ ಯಾಕೆ ಹೇಳ್ಬೇಕು? ನನಗೇ ನುಂಗಿಸಿದ್ರಲ್ಲ! ಬಿಳೀ ಕುದುರೆಯಿಂದ ಇಳಿದು, ನನ್ನ ಗಲ್ಲ ಹಿಡ್ಕೊಂಡು..."

ಹುಡುಗಿ ರೆಕಾರ್ಡಿಂಗ್ ನಿಲ್ಲಿಸಿದ್ಲು.

"ಅಜ್ಜ, ನಿಮಗೆಷ್ಟು ವರ್ಷ?"

"ಎಪ್ಪತ್ತೆಂಟು."

"ಡಾಕ್ಟ್ರು ತೀರ್ಕೊಂಡು ತೊಂಬತ್ತು ವರ್ಷ ಆಯ್ತಲ್ಲ!"

"ಅದನ್ನೇ ಮಾರಾಯ್ತಿ ನಾನು ಹೇಳ್ತಿರೋದು," ಅಂದೆ. "ಅಂಥಾ ಡಾಕ್ಟ್ರು ಈಗೆಲ್ಲಿ ಸಿಗ್ತಾರೆ?"